ಸ್ಕ್ಯಾನ್ ಕ್ಲಿಯರ್, ಆದರೂ ಕ್ಯಾನ್ಸರ್ ಉಳಿದಿದೆಯೇ? ಲಕ್ಷದಲ್ಲಿ ಒಂದು ಕೋಶ ಹುಡುಕುವ ಪರೀಕ್ಷೆ ಸಾಮಾನ್ಯರಿಗೆ ಸಿಗುವುದೆಂದು?

ಕ್ಯಾನ್ಸರ್ ಕುರಿತು ಈಚೆಗೆ ಬಂದ ಒಳ್ಳೆಯ ಸುದ್ದಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ದೇಶದ ಮೊದಲ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ ಅನುಮತಿ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ತನ್ನ ಕಾರ್-ಟಿ ಚಿಕಿತ್ಸೆ ಕಾರ್ಟೆಮಿಯನ್ನು ಬಿಡುಗಡೆ ಮಾಡಿತು. ಎರಡೂ ಲಿಂಫೋಮಾ ರೋಗಿಗಳಿಗೆ ಹೊಸ ದಾರಿ ತೆರೆದವು. ಅದೇ ವರ್ಷ ಮೇ ತಿಂಗಳಲ್ಲಿ ಕರ್ನಾಟಕದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕಿಮೊಥೆರಪಿ ಕೇಂದ್ರಗಳು ಶುರುವಾದವು.

ಎಲ್ಲವೂ ಚಿಕಿತ್ಸೆಯ ಸುದ್ದಿ. ಆದರೆ ಚಿಕಿತ್ಸೆ ಮುಗಿದ ದಿನ ರೋಗಿ ಮತ್ತು ಮನೆಯವರು ವೈದ್ಯರ ಮುಂದೆ ಕೂತು ಕೇಳುವ ಪ್ರಶ್ನೆಯೇ ಬೇರೆ: 'ಪೂರ್ತಿ ಹೋಯ್ತಾ ಡಾಕ್ಟ್ರೇ? ಮತ್ತೆ ಬರಲ್ಲ ತಾನೇ?'

ಈ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡಬಲ್ಲ ಪರೀಕ್ಷೆಗಳು ಈಗ ಇವೆ. ವೈದ್ಯರು ಇದನ್ನು ಎಂಆರ್‌ಡಿ ಪರೀಕ್ಷೆ ಎನ್ನುತ್ತಾರೆ. ಅಂದರೆ ಚಿಕಿತ್ಸೆಯ ಬಳಿಕವೂ ದೇಹದಲ್ಲಿ ಅಡಗಿ ಉಳಿದ ರೋಗದ ಪತ್ತೆ. ಇದು ಯಾರಿಗೆ ನಿಜಕ್ಕೂ ಉಪಯೋಗ? ಯಾರಿಗೆ ಬರೀ ಖರ್ಚು? ಔಷಧಿ ಅಗ್ಗವಾದಂತೆ ಈ ಪರೀಕ್ಷೆ ಯಾಕೆ ಅಗ್ಗವಾಗಿ ಜನರ ಹತ್ತಿರಕ್ಕೆ ಬಂದಿಲ್ಲ? ಒಂದೊಂದಾಗಿ ನೋಡೋಣ.

ಲಕ್ಷ ಕೋಟಿಯ ಲೆಕ್ಕ

ಲಿಂಫೋಮಾ ಎಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್‌ಗಳ ಕ್ಯಾನ್ಸರ್. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಇದರಲ್ಲಿ ಹಾಡ್ಜ್‌ಕಿನ್ ಮತ್ತು ನಾನ್-ಹಾಡ್ಜ್‌ಕಿನ್ ಎಂಬ ಎರಡು ದೊಡ್ಡ ಗುಂಪುಗಳಿವೆ. ಗ್ಲೋಬೋಕ್ಯಾನ್ ಅಂದಾಜಿನ ಪ್ರಕಾರ ನಾನ್-ಹಾಡ್ಜ್‌ಕಿನ್ ಗುಂಪೊಂದರಲ್ಲೇ ಭಾರತದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಸೇರುತ್ತಾರೆ.

ರೋಗ ಹರಡಿದ ಹಂತದಲ್ಲಿ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿವೆ ಎಂದಿಟ್ಟುಕೊಳ್ಳಿ. ಕಿಮೊಥೆರಪಿ ಅವುಗಳಲ್ಲಿ ಶೇ 99.99ರಷ್ಟನ್ನು ಕೊಂದಿತು. ಕೇಳಲು ಭರ್ಜರಿ ಗೆಲುವು. ಆದರೆ ಲೆಕ್ಕ ಹಾಕಿದರೆ ಇನ್ನೂ ಹತ್ತು ಕೋಟಿ ಕೋಶಗಳು ಉಳಿದಿರುತ್ತವೆ. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಹತ್ತು ಕೋಟಿಯಿಂದ ನೂರು ಕೋಟಿ ಕೋಶಗಳಿರುತ್ತವೆ. ಉಳಿದ ಹತ್ತು ಕೋಟಿ ಒಂದೇ ಕಡೆ ಗುಂಪಾಗದೆ ದೇಹದ ತುಂಬ ಚದುರಿದ್ದರೆ ಯಾವ ಸ್ಕ್ಯಾನ್‌ಗೂ ಕಾಣುವುದಿಲ್ಲ. ವರದಿಯಲ್ಲಿ 'ಕಂಪ್ಲೀಟ್ ರೆಮಿಷನ್' ಎಂದು ಬರುತ್ತದೆ. ಇದರ ಅರ್ಥ 'ನಮಗೆ ಕಾಣುವಷ್ಟು ರೋಗವಿಲ್ಲ' ಎಂದಷ್ಟೇ. 'ರೋಗವೇ ಇಲ್ಲ' ಎಂದಲ್ಲ.

ಸೂಕ್ಷ್ಮದರ್ಶಕದಲ್ಲಿ ಮಜ್ಜೆಯ ಮಾದರಿ ನೋಡುವವರ ಕಣ್ಣಿಗೆ ನೂರರಲ್ಲಿ ಕೆಲವು ಕೋಶಗಳಾದರೂ ಕೆಟ್ಟಿರಬೇಕು. ಫ್ಲೋ ಸೈಟೊಮೆಟ್ರಿ ಯಂತ್ರ ಹತ್ತು ಸಾವಿರದಲ್ಲಿ ಒಂದನ್ನು ಹಿಡಿಯುತ್ತದೆ. ಪಿಸಿಆರ್ ಲಕ್ಷದಲ್ಲಿ ಒಂದನ್ನು. ಹೊಸ ಪೀಳಿಗೆಯ ಜೀನ್ ಸೀಕ್ವೆನ್ಸಿಂಗ್ ಹತ್ತು ಲಕ್ಷದಲ್ಲಿ ಒಂದನ್ನು. ಕೋವಿಡ್ ಕಾಲದಲ್ಲಿ ಮನೆಮಾತಾದ ಅದೇ ಪಿಸಿಆರ್, ಅದೇ ಸೀಕ್ವೆನ್ಸಿಂಗ್. ಅಂದು ವೈರಸ್ ಹುಡುಕಿದೆವು, ಇಲ್ಲಿ ಹುಡುಕುವುದು ನಮ್ಮದೇ ದೇಹದ ದಾರಿ ತಪ್ಪಿದ ಕೋಶವನ್ನು.

ಕಳ್ಳನ ಗುರುತು ಪತ್ತೆ ಹೇಗೆ?

ಲಕ್ಷಾಂತರ ಒಳ್ಳೆಯ ಕೋಶಗಳ ನಡುವೆ ಕೆಟ್ಟದ್ದೊಂದನ್ನು ಗುರುತಿಸಲು ಅದಕ್ಕೆ ಮಾತ್ರ ಇರುವ ಗುರುತು ಬೇಕು. ಇದೇ ಮಾಲಿಕ್ಯುಲರ್ ಮಾರ್ಕರ್. ಲಿಂಫೋಮಾದಲ್ಲಿ ಮುಖ್ಯವಾಗಿ ಎರಡು ಬಗೆಯ ಗುರುತುಗಳಿವೆ.

ಮೊದಲನೆಯದು ವರ್ಣತಂತುಗಳ ಅದಲುಬದಲು. ಫಾಲಿಕ್ಯುಲರ್ ಲಿಂಫೋಮಾದಲ್ಲಿ 14 ಮತ್ತು 18ನೇ ವರ್ಣತಂತುಗಳ ತುಂಡುಗಳು ಜಾಗ ಬದಲಿಸಿಕೊಳ್ಳುತ್ತವೆ. ಇದರಿಂದ ಬಿಸಿಎಲ್2 ಎಂಬ ಜೀನ್ ಎಗ್ಗಿಲ್ಲದೆ ಕೆಲಸ ಮಾಡಿ, ಸಾಯಬೇಕಾದ ಕೋಶ ಸಾಯದೆ ಉಳಿಯುತ್ತದೆ. ಮ್ಯಾಂಟಲ್ ಸೆಲ್ ಲಿಂಫೋಮಾದಲ್ಲಿ 11 ಮತ್ತು 14ರ ನಡುವೆ, ಬರ್ಕಿಟ್ ಲಿಂಫೋಮಾದಲ್ಲಿ ಹೆಚ್ಚಾಗಿ 8 ಮತ್ತು 14ರ ನಡುವೆ ಇಂಥದ್ದೇ ಬದಲಾವಣೆ ಆಗುತ್ತದೆ. 14-18 ಬೆಸುಗೆಯನ್ನು ಪಿಸಿಆರ್‌ನಿಂದ ಹಿಡಿದು ಉಳಿಕೆ ಕೋಶ ಪತ್ತೆ ಮಾಡಬಹುದು ಎಂದು ಅಮೆರಿಕದ ವಿಜ್ಞಾನಿಗಳು 1987ರಲ್ಲೇ ತೋರಿಸಿದ್ದರು.

ಎರಡನೆಯದು ಇನ್ನೂ ಕುತೂಹಲಕರ. ನಮ್ಮ ಪ್ರತಿಯೊಂದು ಬಿ-ಲಿಂಫೋಸೈಟ್ ತಾನು ತಯಾರಿಸುವ ಪ್ರತಿಕಾಯದ ಜೀನನ್ನು ತನ್ನದೇ ರೀತಿಯಲ್ಲಿ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಒಂದರ ಜೋಡಣೆ ಇನ್ನೊಂದರಂತೆ ಇರುವುದಿಲ್ಲ. ಕ್ಯಾನ್ಸರ್ ಒಂದೇ ಕೋಶದಿಂದ ಹುಟ್ಟಿ ಕೋಟಿಯಾಗುವುದರಿಂದ ಆ ಸಂತಾನಕ್ಕೆಲ್ಲ ಒಂದೇ ಜೋಡಣೆ, ಒಂದೇ ಬಾರ್‌ಕೋಡ್. ಚಿಕಿತ್ಸೆಗೆ ಮೊದಲೇ ಆ ಬಾರ್‌ಕೋಡ್ ಓದಿಟ್ಟುಕೊಂಡರೆ ನಂತರ ರಕ್ತದಲ್ಲೋ ಮಜ್ಜೆಯಲ್ಲೋ ಅದನ್ನೇ ಹುಡುಕಬಹುದು.

ಸಾಯುತ್ತಿರುವ ಕ್ಯಾನ್ಸರ್ ಕೋಶಗಳಿಂದ ರಕ್ತಕ್ಕೆ ಸೋರುವ ಡಿಎನ್‌ಎ ಚೂರುಗಳಲ್ಲೂ ಈ ಗುರುತು ಸಿಗುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು 126 ರೋಗಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗ ಮರುಕಳಿಸುವುದನ್ನು ಈ ರಕ್ತಪರೀಕ್ಷೆ ಸಿಟಿ ಸ್ಕ್ಯಾನ್‌ಗಿಂತ ಸುಮಾರು ಮೂರೂವರೆ ತಿಂಗಳು ಮೊದಲೇ ಹೇಳಿತ್ತು.

ಭಾರತಕ್ಕೆ ಇದು ಯಾಕೆ ಮುಖ್ಯ?

ಪೆಟ್ ಸ್ಕ್ಯಾನ್ ಇದೆಯಲ್ಲ, ಸಾಕಲ್ಲವೇ ಎಂದು ಕೇಳಬಹುದು. ಲಿಂಫೋಮಾ ಚಿಕಿತ್ಸೆಯಲ್ಲಿ ಪೆಟ್ ಇಂದಿಗೂ ಮುಖ್ಯ ಸಾಧನವೇ. ಆದರೆ ನಮ್ಮ ದೇಶದಲ್ಲಿ ಅದಕ್ಕೊಂದು ತೊಡಕಿದೆ. ಪೆಟ್ ತೋರಿಸುವುದು ಸಕ್ಕರೆಯನ್ನು ಹೆಚ್ಚು ಹೀರುವ ಜಾಗಗಳನ್ನು. ಕ್ಯಾನ್ಸರ್ ಗಂಟಿನಂತೆ ಕ್ಷಯದ ಗಂಟೂ ಸಕ್ಕರೆ ಹೀರಿ ಹೊಳೆಯುತ್ತದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶದಲ್ಲಿ ಸ್ಕ್ಯಾನ್‌ನ ಹೊಳಪು ಕ್ಯಾನ್ಸರ್‌ನದೋ ಕ್ಷಯದ್ದೋ ಎಂಬ ಅನುಮಾನ ಆಗಾಗ ಬರುತ್ತದೆ. ಆಗ ಮತ್ತೆ ಬಯಾಪ್ಸಿ, ಮತ್ತೆ ಕಾಯುವಿಕೆ. ಕ್ಯಾನ್ಸರ್‌ನ ಬಾರ್‌ಕೋಡನ್ನೇ ಹುಡುಕುವ ಪರೀಕ್ಷೆಗೆ ಟಿಬಿಯ ಗೊಂದಲವಿಲ್ಲ.

ಹಾಗೆಂದು ಪಶ್ಚಿಮದ ಪರೀಕ್ಷೆಯನ್ನು ಹಾಗೇ ತಂದು ಇಳಿಸಿದರೂ ಸಾಲದು. ಟಾಟಾ ಮೆಮೋರಿಯಲ್ ವೈದ್ಯರು 2000ನೇ ಇಸವಿಯಲ್ಲಿ ಪ್ರಕಟಿಸಿದ 2,773 ಪ್ರಕರಣಗಳ ಅಧ್ಯಯನದಲ್ಲಿ ಫಾಲಿಕ್ಯುಲರ್ ಲಿಂಫೋಮಾ ಶೇ 12.6ರಷ್ಟು ಮಾತ್ರ ಇತ್ತು. ವೇಗವಾಗಿ ಬೆಳೆಯುವ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಬಗೆ ಶೇ 34ರಷ್ಟಿತ್ತು. ಪಶ್ಚಿಮದ ದೇಶಗಳಲ್ಲಿ ಫಾಲಿಕ್ಯುಲರ್ ಪಾಲು ಇದಕ್ಕಿಂತ ಹೆಚ್ಚು. ಅಂದರೆ ಅಲ್ಲಿ ಮೊದಲಿನಿಂದ ಹೆಚ್ಚು ಅಧ್ಯಯನವಾದ 14-18 ಗುರುತು ನಮ್ಮಲ್ಲಿ ಕಡಿಮೆ ರೋಗಿಗಳಿಗೆ ಅನ್ವಯಿಸುತ್ತದೆ. ಫಾಲಿಕ್ಯುಲರ್ ರೋಗಿಗಳಲ್ಲೂ ಬೆಸುಗೆಯ ಜಾಗ ಬೇರೆ ಬೇರೆ ಇರುವುದರಿಂದ ಸಾಮಾನ್ಯ ಪಿಸಿಆರ್ ಎಲ್ಲರಲ್ಲೂ ಅದನ್ನು ಹಿಡಿಯುವುದಿಲ್ಲ. ನಮ್ಮ ರೋಗಿಗಳಿಗೆ ಯಾವ ಗುರುತು ಹೊಂದುತ್ತದೆ ಎಂಬುದನ್ನು ನಮ್ಮ ಪ್ರಯೋಗಾಲಯಗಳೇ ಕಂಡುಕೊಳ್ಳಬೇಕು.

ಗೋರ್ವಾದಿಂದ ಅಹಮದಾಬಾದ್‌ಗೆ: ಔಷಧಿ ನಾಡಿನ ಪಾಠ

ಔಷಧಿಗೆ ಒಲಿದ ಅದೃಷ್ಟ ಪರೀಕ್ಷೆಗೆ ಯಾಕೆ ಒಲಿದಿಲ್ಲ ಎಂದು ತಿಳಿಯಲು ಗುಜರಾತ್ ಒಳ್ಳೆಯ ಉದಾಹರಣೆ. ವಡೋದರಾದ ಗೋರ್ವಾ ಪ್ರದೇಶ ಔಷಧಿ ಉದ್ಯಮದ ನಂಟಿರುವ ಬಡಾವಣೆ. 1907ರಲ್ಲಿ ಹುಟ್ಟಿದ ಅಲೆಂಬಿಕ್ ಕಂಪನಿಯ ಹೆಸರು ಅಲ್ಲಿನ ರಸ್ತೆಯಲ್ಲೇ ಇದೆ. ಭೈಲಾಲ್ ಅಮೀನ್ ಜನರಲ್ ಆಸ್ಪತ್ರೆ ಇರುವುದೂ ಅಲ್ಲೇ. ಅಲ್ಲಿಂದ ಸುಮಾರು 110 ಕಿಲೋಮೀಟರ್ ದೂರದ ಅಹಮದಾಬಾದ್‌ನಲ್ಲಿ ಇಂಟಾಸ್‌ನಂಥ ದೊಡ್ಡ ಔಷಧಿ ಕಂಪನಿಗಳಿವೆ.

ರಿಟುಕ್ಸಿಮ್ಯಾಬ್ ಎಂಬ ಔಷಧಿಯ ಕಥೆ ನೋಡಿ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಿ ಲಿಂಫೋಮಾ ಚಿಕಿತ್ಸೆಯನ್ನೇ ಬದಲಿಸಿತು. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ ಗುಣವಾಗುವುದು ಇದನ್ನು ಒಳಗೊಂಡ ಆರ್-ಚಾಪ್ ಚಿಕಿತ್ಸೆಯಿಂದ. ಆರಂಭದಲ್ಲಿ ಇದು ನಮ್ಮಲ್ಲಿ ಉಳ್ಳವರ ಔಷಧಿಯಾಗಿತ್ತು. 2007ರಲ್ಲಿ ಹೈದರಾಬಾದ್‌ನ ಡಾ. ರೆಡ್ಡೀಸ್ ಇದರ ದೇಶೀಯ ರೂಪ ರೆಡಿಟಕ್ಸ್ ತಂದಿತು. ಮುಂದೆ ಇಂಟಾಸ್‌ನ ಮ್ಯಾಬ್‌ಟಾಸ್ ಸೇರಿ ಇತರ ಕಂಪನಿಗಳವೂ ಬಂದವು. ಪೈಪೋಟಿ ಹೆಚ್ಚಿತು, ಬೆಲೆ ಇಳಿಯಿತು, ಸರ್ಕಾರಿ ಯೋಜನೆಗಳಿಗೆ ಎಟುಕುವಂತಾಯಿತು.

ಈಗ ಅದೇ ಗೋರ್ವಾದ ಒಬ್ಬ ರೋಗಿಯ ದಾರಿ ಊಹಿಸಿ. ಔಷಧಿ ತಯಾರಾಗುವ ನಾಡಿನಲ್ಲೇ ವಾಸ. ಸರ್ಕಾರಿ ನೆರವಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಬೇಕೆಂದರೆ ಅಹಮದಾಬಾದ್‌ನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಹೋಗಬೇಕು. ರಾಜ್ಯ ಸರ್ಕಾರ ಮತ್ತು ಗುಜರಾತ್ ಕ್ಯಾನ್ಸರ್ ಸೊಸೈಟಿ ಸೇರಿ 1972ರಲ್ಲಿ ಕಟ್ಟಿದ ಸಂಸ್ಥೆಯಿದು. ಚಿಕಿತ್ಸೆಯ ಜೊತೆ ಸಂಶೋಧನಾ ವಿಭಾಗವೂ ಇದೆ. ಗುಜರಾತ್ ಸರ್ಕಾರ 2023ರ ಜುಲೈನಲ್ಲಿ ಆಯುಷ್ಮಾನ್ ವಿಮೆಯ ಮಿತಿಯನ್ನು ಐದು ಲಕ್ಷದಿಂದ ಹತ್ತು ಲಕ್ಷ ರೂಪಾಯಿಗೆ ಏರಿಸಿದ್ದರಿಂದ ಚಿಕಿತ್ಸೆಯ ಖರ್ಚಿಗೆ ಆಸರೆಯೂ ಇದೆ.

ಆದರೆ ವಿಮೆಯ ಪ್ಯಾಕೇಜ್‌ಗಳು ಕಟ್ಟಿರುವುದು ಚಿಕಿತ್ಸೆಯ ಸುತ್ತ. ಶಸ್ತ್ರಚಿಕಿತ್ಸೆಗೆ ಇಷ್ಟು, ರೇಡಿಯೇಷನ್‌ಗೆ ಇಷ್ಟು, ಕಿಮೊದ ಒಂದು ಸೈಕಲ್‌ಗೆ ಇಷ್ಟು. ಚಿಕಿತ್ಸೆ ಮುಗಿದು ವರ್ಷಗಟ್ಟಲೆ ನಡೆಯಬೇಕಾದ ಕಾವಲು ಈ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ಚಿತ್ರ ಕರ್ನಾಟಕದ್ದೂ ಬೇರೆಯಲ್ಲ. ದಾವಣಗೆರೆಯಿಂದಲೋ ರಾಯಚೂರಿನಿಂದಲೋ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿಗೆ ರಾತ್ರಿ ಬಸ್ಸು ಹತ್ತುವ ಕುಟುಂಬಕ್ಕೆ, ಔಷಧಿಯ ಬಿಲ್ ಯೋಜನೆಯಲ್ಲಿ ಸರಿಹೊಂದಿದರೂ ಫಾಲೋಅಪ್‌ನ ಓಡಾಟ ಕೈಯಿಂದಲೇ.

ಇನ್ನೊಂದು ವ್ಯತ್ಯಾಸವೂ ಇದೆ. ಔಷಧಿಯನ್ನು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಿಸಬಹುದು. ಈ ಪರೀಕ್ಷೆ ಹಾಗಲ್ಲ. ಪ್ರತಿ ರೋಗಿಯ ಬಾರ್‌ಕೋಡ್ ಬೇರೆ, ಅದನ್ನು ಮೊದಲು ಓದಬೇಕು, ಪ್ರತಿ ಮಾದರಿಯನ್ನೂ ನುರಿತವರು ವಿಶ್ಲೇಷಿಸಬೇಕು. ಒಂದೊಂದೇ ಮಾದರಿ ಬಂದರೆ ಯಂತ್ರ ಓಡಿಸುವ ಖರ್ಚೇ ಹೊರೆ. ನೂರಾರು ಮಾದರಿಗಳು ಒಂದೆಡೆ ಸೇರಿದಾಗ ಮಾತ್ರ ತಲಾ ಖರ್ಚು ಇಳಿಯುತ್ತದೆ.

ಹೆಚ್ಚು ಚಿಕಿತ್ಸೆಗಲ್ಲ, ಅನಗತ್ಯ ಚಿಕಿತ್ಸೆ ತಪ್ಪಿಸಲು

ಇಷ್ಟು ಸೂಕ್ಷ್ಮವಾಗಿ ಹುಡುಕಿದರೆ ಇನ್ನಷ್ಟು ಔಷಧಿ, ಇನ್ನಷ್ಟು ಖರ್ಚು ತಾನೇ ಎಂಬ ಆತಂಕ ಸಹಜ. ಈಚಿನ ಪುರಾವೆ ಇದಕ್ಕೆ ವಿರುದ್ಧ ದಿಕ್ಕಿನಲ್ಲೂ ಇದೆ.

2024ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಅಮೆರಿಕನ್ ಹೆಮಟಾಲಜಿ ಸೊಸೈಟಿ ಸಮ್ಮೇಳನದಲ್ಲಿ ಇಎ4151 ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಹೊರಬಂತು. ಮ್ಯಾಂಟಲ್ ಸೆಲ್ ಲಿಂಫೋಮಾದವರಿಗೆ ಮೊದಲ ಹಂತದ ಚಿಕಿತ್ಸೆ ಮುಗಿದ ಮೇಲೆ ಅವರದೇ ಕಾಂಡಕೋಶ ಬಳಸಿ ಕಸಿ ಮಾಡುವುದು ರೂಢಿ. ತಿಂಗಳುಗಟ್ಟಲೆ ಹೈರಾಣಾಗಿಸುವ, ದುಬಾರಿ ಚಿಕಿತ್ಸೆಯದು. ಹತ್ತು ಲಕ್ಷದಲ್ಲಿ ಒಂದು ಕೋಶವೂ ಕಾಣದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಸಿ ಮತ್ತು ರಿಟುಕ್ಸಿಮ್ಯಾಬ್, ಇನ್ನೊಂದಕ್ಕೆ ರಿಟುಕ್ಸಿಮ್ಯಾಬ್ ಮಾತ್ರ ಕೊಡಲಾಯಿತು. ಮೂರು ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣ ಕಸಿ ಮಾಡಿಸಿಕೊಂಡವರಲ್ಲಿ ಶೇ 82.1, ಮಾಡಿಸಿಕೊಳ್ಳದವರಲ್ಲಿ ಶೇ 82.7. ಕಸಿಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

ಬಡ ಮತ್ತು ಮಧ್ಯಮ ವರ್ಗದ ರೋಗಿಗಳೇ ಹೆಚ್ಚಿರುವ ದೇಶಕ್ಕೆ ಇದರ ಅರ್ಥ ದೊಡ್ಡದು. ಒಂದು ಪರೀಕ್ಷೆ ಒಂದು ಕಸಿಯನ್ನೇ ಉಳಿಸಬಹುದಾದರೆ ಆ ಪರೀಕ್ಷೆ ದುಬಾರಿಯಲ್ಲ. ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಭಾರತ ಈ ಹಾದಿಯನ್ನು ಆಗಲೇ ತುಳಿದಿದೆ. ದೇಶದ ಪ್ರಮುಖ ಕೇಂದ್ರಗಳು ಸೇರಿ ಆರಂಭಿಸಿದ ಐಸಿಕಲ್ ಪ್ರಯೋಗದಲ್ಲಿ, ಮೊದಲ ಹಂತದ ಚಿಕಿತ್ಸೆಯ ಬಳಿಕ ಉಳಿದ ರೋಗವನ್ನು ಫ್ಲೋ ಸೈಟೊಮೆಟ್ರಿಯಿಂದ ಅಳೆದು ಮಗುವಿಗೆ ಎಷ್ಟು ಗಟ್ಟಿ ಚಿಕಿತ್ಸೆ ಬೇಕೆಂದು ನಿರ್ಧರಿಸಲಾಗುತ್ತದೆ.

ಎಲ್ಲರಿಗೂ ಬೇಕೇ? ಇಲ್ಲ

ಹಾಗಂತ ಇದು ಪವಾಡ ಪರೀಕ್ಷೆಯಲ್ಲ. 14-18 ಬೆಸುಗೆ ಇರುವ ಕೆಲವು ಕೋಶಗಳು ಪೂರ್ಣ ಆರೋಗ್ಯವಂತರ ರಕ್ತದಲ್ಲೂ ಸಿಗುತ್ತವೆ. ಅವರಲ್ಲಿ ಹೆಚ್ಚಿನವರಿಗೆ ಎಂದೂ ಲಿಂಫೋಮಾ ಬರುವುದಿಲ್ಲ. ಆದ್ದರಿಂದ ಗುರುತು ಕಂಡಿತೆಂದರೆ ರೋಗ ಬಂತೆಂದಲ್ಲ. ಗುರುತು ಕಾಣದಿದ್ದರೂ ಗಂಟಿನೊಳಗೆ ಅಡಗಿದ ಕೋಶಗಳು ರಕ್ತಕ್ಕೆ ಏನೂ ಸೋರಿಸದೆ ಇರಬಹುದು. ಹಾಡ್ಜ್‌ಕಿನ್ ಬಗೆಯಲ್ಲಿ ಗಂಟಿನೊಳಗೆ ನಿಜವಾದ ಕ್ಯಾನ್ಸರ್ ಕೋಶಗಳೇ ಬೆರಳೆಣಿಕೆಯಷ್ಟು ಇರುವುದರಿಂದ ಬಾರ್‌ಕೋಡ್ ಓದುವುದೇ ಕಷ್ಟ.

ಇನ್ನೂ ಮುಖ್ಯವಾದ ಪ್ರಶ್ನೆ: ಮೊದಲೇ ತಿಳಿದರೆ ಏನು ಮಾಡುತ್ತೀರಿ? ಮೂರೂವರೆ ತಿಂಗಳು ಮುಂಚೆ ತಿಳಿದು ಚಿಕಿತ್ಸೆ ಶುರು ಮಾಡಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದು ಎಲ್ಲ ಬಗೆಯ ಲಿಂಫೋಮಾಗಳಲ್ಲಿ ಸಾಬೀತಾಗಿಲ್ಲ. ಉತ್ತರ ಕೈಯಲ್ಲಿದ್ದೂ ಮಾಡಲು ಏನೂ ಇಲ್ಲದಿದ್ದರೆ ಕುಟುಂಬಕ್ಕೆ ಉಳಿಯುವುದು ನಿದ್ದೆಗೆಟ್ಟ ರಾತ್ರಿಗಳು. 'ಈ ಫಲಿತಾಂಶದಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ?' ಎಂದು ವೈದ್ಯರನ್ನು ಮೊದಲು ಕೇಳಿ. ಇಲ್ಲ ಎಂದಾದರೆ ಸಾಲ ಮಾಡಿ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

ಸರ್ಕಾರಗಳು ಏನು ಮಾಡಬಹುದು?

ಯಂತ್ರಗಳಿಗಾಗಿ ಶೂನ್ಯದಿಂದ ಶುರು ಮಾಡಬೇಕಿಲ್ಲ. 2020ರ ಏಪ್ರಿಲ್‌ನಲ್ಲಿ ಗಾಂಧಿನಗರದ ಗುಜರಾತ್ ಜೈವಿಕ ತಂತ್ರಜ್ಞಾನ ಸಂಶೋಧನಾ ಕೇಂದ್ರ ಕೊರೊನಾ ವೈರಸ್‌ನ ಪೂರ್ಣ ಜೀನ್ ನಕ್ಷೆ ಓದಿತ್ತು. ಅದೇ ವರ್ಷದ ಕೊನೆಗೆ ಶುರುವಾದ ಇನ್ಸಾಕಾಗ್ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಕೂಡ ಇದ್ದವು. ಕ್ಯಾನ್ಸರ್‌ನ ಗುರುತು ಓದುವ ಕೆಲಸ ವೈರಸ್ ಓದುವಷ್ಟು ಸರಳವಲ್ಲ ನಿಜ. ಆದರೆ ಯಂತ್ರ ಮತ್ತು ಅದನ್ನು ನಡೆಸಬಲ್ಲ ಜನ ಇದ್ದಾರೆ. ಅವರನ್ನು ಕ್ಯಾನ್ಸರ್ ಆಸ್ಪತ್ರೆಗಳ ಜೊತೆ ಜೋಡಿಸುವ ಕೆಲಸ ಬಾಕಿ ಇದೆ.

ಬೆಲೆಗೂ ಮಾದರಿಯೊಂದಿದೆ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ತನ್ನ ಸದಸ್ಯ ಆಸ್ಪತ್ರೆಗಳ ಪರವಾಗಿ ಒಟ್ಟಾಗಿ ಚೌಕಾಸಿ ಮಾಡಿ 40 ಔಷಧಿಗಳನ್ನು ಕೊಂಡಾಗ ಸುಮಾರು 1,320 ಕೋಟಿ ರೂಪಾಯಿ ಉಳಿತಾಯವಾಯಿತು. ಔಷಧಿಗೆ ಮಾಡಿದ್ದನ್ನು ಪರೀಕ್ಷೆಯ ಕಿಟ್‌ಗಳಿಗೆ ಮಾಡಲು ಅಡ್ಡಿಯೇನು? 2025ರ ಸೆಪ್ಟೆಂಬರ್ 22ರಿಂದ ರೋಗಪತ್ತೆ ಕಿಟ್ ಮತ್ತು ರಾಸಾಯನಿಕಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದರ ಲಾಭ ರೋಗಿಯ ಬಿಲ್‌ವರೆಗೆ ತಲುಪಬೇಕು.

ಮೂರನೆಯದು ವಿಮೆ. ಎಲ್ಲರಿಗೂ ಪದೇ ಪದೇ ಪರೀಕ್ಷೆ ಎಂದರೆ ಯಾವ ಖಜಾನೆಯೂ ತಡೆಯದು. ಆದರೆ ಕಸಿ ಬೇಕೋ ಬೇಡವೋ ಎಂಬಂಥ ನಿರ್ಧಾರದ ಹಂತದಲ್ಲಿ ಒಂದು ಪರೀಕ್ಷೆಗೆ ಆಯುಷ್ಮಾನ್ ಯೋಜನೆಯಡಿ ಹಣ ಕೊಟ್ಟರೆ ಉಳಿತಾಯ ಯೋಜನೆಗೂ ಹೌದು, ರೋಗಿಗೂ ಹೌದು. ಜಿಲ್ಲೆಗಳಲ್ಲಿ ಶುರುವಾದ ಡೇ-ಕೇರ್ ಕೇಂದ್ರಗಳಲ್ಲೇ ರಕ್ತ ತೆಗೆದು ಕಳಿಸುವ ವ್ಯವಸ್ಥೆಯೂ ಬೇಕು. ಡಿಎನ್‌ಎ ಚೂರುಗಳ ಪರೀಕ್ಷೆಗೆ ತೆಗೆದ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಬೇಕು, ಇಲ್ಲವೇ ಅದಕ್ಕೆಂದೇ ಇರುವ ಟ್ಯೂಬ್ ಬಳಸಬೇಕು. ಇಷ್ಟು ಜಿಲ್ಲಾಸ್ಪತ್ರೆಯಲ್ಲಿ ಸಾಧ್ಯವಾದರೆ ರೋಗಿಯ ಬದಲು ಟ್ಯೂಬ್ ಪ್ರಯಾಣ ಮಾಡುತ್ತದೆ.

ರೋಗಿಗಳು ಇಂದೇ ಮಾಡಬಹುದಾದ ಕೆಲಸ

ಸರ್ಕಾರಕ್ಕೆ ಕಾಯದೆ ಮಾಡಬಹುದಾದದ್ದೂ ಒಂದಿದೆ, ಅದಕ್ಕೆ ಖರ್ಚೂ ಇಲ್ಲ. ಈ ಪರೀಕ್ಷೆಗಳಲ್ಲಿ ಹೆಚ್ಚಿನವುಗಳಿಗೆ ಚಿಕಿತ್ಸೆಗೆ ಮುಂಚಿನ ಬಯಾಪ್ಸಿ ತುಣುಕು ಬೇಕು. ಕ್ಯಾನ್ಸರ್‌ನ ಬಾರ್‌ಕೋಡ್ ಇರುವುದು ಅದರಲ್ಲಿ. ನಮ್ಮಲ್ಲಿ ಕುತ್ತಿಗೆಯ ಗಂಟನ್ನು ಟಿಬಿ ಎಂದುಕೊಂಡು ಸೂಜಿ ಪರೀಕ್ಷೆಯಲ್ಲೇ ಮುಗಿಸುವುದುಂಟು. ಲಿಂಫೋಮಾ ಅನುಮಾನವಿದ್ದರೆ ಸೂಜಿ ಪರೀಕ್ಷೆ ಸಾಲದು, ಸಾಧ್ಯವಾದಲ್ಲಿ ಗಂಟನ್ನೇ ತೆಗೆದು ನೋಡಬೇಕು.

ಹಾಗೆ ತೆಗೆದ ತುಣುಕನ್ನು ಲ್ಯಾಬ್‌ನವರು ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಅದನ್ನು ಬ್ಲಾಕ್ ಎನ್ನುತ್ತಾರೆ. ಊರಿನ ಲ್ಯಾಬ್‌ನಿಂದ ದೊಡ್ಡ ಆಸ್ಪತ್ರೆಗೆ ಹೋಗುವಾಗ ವರದಿಯ ಹಾಳೆ ಮಾತ್ರ ಒಯ್ಯಬೇಡಿ. ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಕೇಳಿ ಪಡೆಯಿರಿ. ಬಿಸಿಲು, ಶಾಖಕ್ಕೆ ಇಡಬೇಡಿ. ಎಲ್ಲಿ ಕೊಟ್ಟಿದ್ದೀರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಹಾಳೆ ಕಳೆದರೆ ಇನ್ನೊಂದು ಪ್ರಿಂಟ್ ಸಿಗುತ್ತದೆ. ಚಿಕಿತ್ಸೆ ಶುರುವಾಗಿ ಗಂಟು ಕರಗಿದ ಮೇಲೆ ಆ ತುಣುಕು ಮತ್ತೆ ಸಿಗುವುದಿಲ್ಲ.

ರಿಟುಕ್ಸಿಮ್ಯಾಬ್ ಅಮೆರಿಕದಲ್ಲಿ ಬಂದು ಹತ್ತು ವರ್ಷಕ್ಕೆ ಅದರ ಅಗ್ಗದ ರೂಪ ಭಾರತದಲ್ಲಿ ಸಿಕ್ಕಿತು. ಉಳಿಕೆ ಕೋಶ ಹುಡುಕುವ ವಿದ್ಯೆ 1987ರಿಂದಲೂ ಇದೆ. ಔಷಧಿಯ ವಿಷಯದಲ್ಲಿ ತೋರಿದ ಅರ್ಧದಷ್ಟು ಆಸಕ್ತಿಯನ್ನು ಪರೀಕ್ಷೆಯ ವಿಷಯದಲ್ಲೂ ತೋರಿದರೆ, 'ಪೂರ್ತಿ ಹೋಯ್ತಾ?' ಎಂಬ ಪ್ರಶ್ನೆಗೆ ಉತ್ತರ ಪಡೆಯುವ ಅವಕಾಶ ಉಳ್ಳವರಿಗೆ ಮಾತ್ರ ಮೀಸಲಾಗಿ ಉಳಿಯುವುದಿಲ್ಲ.